ಓರಗೆಯವರಿಲ್ಲದೆ ಮಕ್ಕಳು ಬೆಳೆಯಲಾರರು

(ತೋಟದ ಕಾರ್ಮಿಕ ಕುಟುಂಬಗಳ ಕೂಟದಲ್ಲಿ ಮಾಡಿದ ಭಾಷಣ)



ಈ ಕೂಟದಲ್ಲಿ ನಾವು ಸಾಮಾನ್ಯವಾಗಿ ಕೂಲಿ, ಬೋನಸ್ಸು, ಪ್ರಾವಿಡೆಂಟ್ ಫಂಡು, ಲೈನು ಮನೆಗಳ ದುರಸ್ತಿ ಇವುಗಳ ಬಗ್ಗೆ ಮಾತಾಡುತ್ತೇವೆ. ಇಂದು ಮಕ್ಕಳ ವಿಷಯವನ್ನು ತೆಗೆದುಕೊಂಡಿದ್ದೇವೆ. ಅದರಲ್ಲೂ ಹನ್ನೆರಡರಿಂದ ಹದಿನೆಂಟು ವಯಸ್ಸಿನ ಮಕ್ಕಳು ಮತ್ತು ಅವರ ಜೊತೆಗಾರರ ವಿಷಯ. ಇದಕ್ಕೆ ಕಾರಣ ಉಂಟು. ತಂದೆತಾಯಂದಿರು ನಮ್ಮಲ್ಲಿ ಬಂದು ಹೇಳುವ ದೂರುಗಳಲ್ಲಿ ಹೆಚ್ಚಿನವು ಈಗ ಒಂದೇ ಬಗೆಯವು. "ಮಗ ಮನೆಯಲ್ಲಿ ಬಾಯಿ ಬಿಡುವುದಿಲ್ಲ, ಅಂಗಡಿ ಕಟ್ಟೆಯಲ್ಲಿ ಗಂಟೆಗಟ್ಟಲೆ ಮಾತಾಡುತ್ತಾನೆ." "ಮಗಳಿಗೆ ನನ್ನ ಮಾತು ಬೇಡ, ಅವಳ ಗೆಳತಿ ಹೇಳಿದ್ದೇ ವೇದವಾಕ್ಯ." "ಹೇಗಾದರೂ ಮಾಡಿ ಆ ಹುಡುಗರ ಸಹವಾಸ ಬಿಡಿಸಿಕೊಡಿ, ಉಪದೇಶಿಗಳೇ."

ಇದಕ್ಕೆ ನಮ್ಮ ಉತ್ತರವನ್ನು ಮೊದಲೇ ಹೇಳಿಬಿಡುತ್ತೇವೆ. ಸಹವಾಸ ಬಿಡಿಸುವುದು ಇದಕ್ಕೆ ಮದ್ದಲ್ಲ. ಆ ಪ್ರಾಯದ ಮಕ್ಕಳಿಗೆ ಓರಗೆಯವರ ಕೂಟ ಅನ್ನದಷ್ಟೇ ಅಗತ್ಯ. ಎಂಥ ಕೂಟ, ಎಲ್ಲಿ ಸೇರುತ್ತದೆ, ಯಾವ ಕೆಲಸಕ್ಕಾಗಿ ಸೇರುತ್ತದೆ ಎಂಬುದನ್ನು ಮಾತ್ರ ದೊಡ್ಡವರಾದ ನಾವು ನೋಡಿಕೊಳ್ಳಬೇಕು.

ನಾವೆಲ್ಲ ಸಂಘ ಕಟ್ಟಿದವರು. ಒಬ್ಬ ಕೆಲಸಗಾರ ಒಂಟಿಯಾಗಿ ಆಫೀಸಿನ ಮುಂದೆ ನಿಂತರೆ ಅವನ ಮಾತಿಗೆ ಎಷ್ಟು ಬೆಲೆ, ನೂರು ಮಂದಿ ಒಟ್ಟಾಗಿ ನಿಂತರೆ ಎಷ್ಟು ಬೆಲೆ ಎಂಬುದು ನಮಗೆ ಗೊತ್ತು. ಕೂಟದಲ್ಲಿ ಧೈರ್ಯ ಬರುತ್ತದೆ, ಕೂಟದಲ್ಲಿ ಬುದ್ಧಿ ಬರುತ್ತದೆ. ನಮಗೆ ಬೇಕಾದದ್ದು ನಮ್ಮ ಮಕ್ಕಳಿಗೆ ಬೇಡವೇ?

ಈ ಪ್ರಾಯದಲ್ಲಿ ಏನಾಗುತ್ತದೆ?

ಹತ್ತರಿಂದ ಹತ್ತೊಂಬತ್ತರವರೆಗಿನ ವಯಸ್ಸನ್ನು ವಿಶ್ವ ಆರೋಗ್ಯ ಸಂಸ್ಥೆಯು ಹದಿಹರೆಯವೆಂದು ಕರೆಯುತ್ತದೆ. ಈ ಕಾಲದಲ್ಲಿ ಮೈ ಬೆಳೆಯುವುದು ನಮ್ಮ ಕಣ್ಣಿಗೆ ಕಾಣುತ್ತದೆ. ಹುಡುಗನ ಧ್ವನಿ ಒಡೆಯುತ್ತದೆ, ಕಳೆದ ವರ್ಷದ ಅಂಗಿ ಈ ವರ್ಷಕ್ಕೆ ಆಗುವುದಿಲ್ಲ. ಮನಸ್ಸು ಬೆಳೆಯುವುದು ಮಾತ್ರ ಕಣ್ಣಿಗೆ ಬೀಳುವುದಿಲ್ಲ.

ಎರಿಕ್ ಎರಿಕ್ಸನ್ ಎಂಬ ಮನೋವಿಜ್ಞಾನಿಯು ಇದರ ಬಗ್ಗೆ ಬಹಳ ಬರೆದಿದ್ದಾರೆ. ಅವರು ಜರ್ಮನಿಯಲ್ಲಿ ಹುಟ್ಟಿ, 1933ರಲ್ಲಿ ಅಮೆರಿಕಕ್ಕೆ ಹೋಗಿ ನೆಲೆಸಿದವರು. ಅವರ ವಿಚಾರವನ್ನು ನಮ್ಮ ಮಾತಿನಲ್ಲಿ ಹೇಳುವುದಾದರೆ ಹೀಗೆ. ಈ ಪ್ರಾಯದ ಮಗುವಿನ ಮುಂದೆ ಇರುವ ದೊಡ್ಡ ಕೆಲಸವೆಂದರೆ "ನಾನು ಯಾರು?" ಎಂಬುದಕ್ಕೆ ಉತ್ತರ ಕಂಡುಕೊಳ್ಳುವುದು. ಚಿಕ್ಕವನಿದ್ದಾಗ ಅವನಿಗೆ ಆ ಚಿಂತೆಯಿರಲಿಲ್ಲ. ಅಪ್ಪನ ಮಗ, ಅಮ್ಮನ ಮಗ, ಅಷ್ಟೇ ಸಾಕಾಗಿತ್ತು. ಈಗ ಅದು ಸಾಲದು. ಆ ಉತ್ತರವನ್ನು ತಂದೆತಾಯಿ ಸಿದ್ಧ ಮಾಡಿ ಕೈಗೆ ಕೊಡಲು ಆಗದು. ತನ್ನಂತೆಯೇ ಹುಡುಕುತ್ತಿರುವ ಓರಗೆಯವರ ನಡುವೆ ನಿಂತು, ಅವರೊಡನೆ ತನ್ನನ್ನು ಹೋಲಿಸಿಕೊಂಡು, ಜಗಳವಾಡಿ, ರಾಜಿಯಾಗಿ ಅವನು ಅದನ್ನು ತಾನೇ ಕಂಡುಕೊಳ್ಳಬೇಕು.

ಆದುದರಿಂದ ಮಗ ಮನೆಯಲ್ಲಿ ಮೌನಿಯಾಗಿ ಹೊರಗೆ ಮಾತುಗಾರನಾದರೆ ಅವನಿಗೆ ನಮ್ಮ ಮೇಲೆ ಪ್ರೀತಿ ಹೋಯಿತೆಂದು ತಿಳಿಯಬೇಡಿ. ಕೋಳಿಮರಿ ತಾಯಿಯ ರೆಕ್ಕೆಯಿಂದ ಹೊರಬಂದು ಕೆದಕಲು ಕಲಿಯುವಂತೆ ಇದು ಬೆಳವಣಿಗೆಯ ಲಕ್ಷಣ.

ಕೂಟದಿಂದ ಸಿಗುವುದೇನು?

ಮೊದಲನೆಯದು, ಸಮಾನತೆಯ ಪಾಠ. ಮನೆಯಲ್ಲಿ ತಂದೆ ಹೇಳುತ್ತಾನೆ, ಮಗ ಕೇಳುತ್ತಾನೆ. ಶಾಲೆಯಲ್ಲಿ ಮೇಷ್ಟ್ರು ಹೇಳುತ್ತಾರೆ, ಮಗು ಕೇಳುತ್ತದೆ. ಓರಗೆಯವರಲ್ಲಿ ಮಾತ್ರ ಮೇಲು ಕೀಳು ಎಂಬುದಿಲ್ಲ. ಕ್ರಿಕೆಟ್ಟಿನಲ್ಲಿ ಔಟಾದವನು "ಔಟಲ್ಲ" ಎಂದು ಹಟ ಹಿಡಿದರೆ ತೀರ್ಪು ಕೊಡಲು ಮೇಸ್ತ್ರಿ ಬರುವುದಿಲ್ಲ. ಹತ್ತು ಹುಡುಗರು ತಾವೇ ಮಾತಾಡಿ ತೀರ್ಮಾನಿಸಬೇಕು. ಕೊಟ್ಟ ಮಾತಿಗೆ ನಿಲ್ಲುವುದು, ಸೋತರೆ ಒಪ್ಪುವುದು, ಸರದಿ ಕಾಯುವುದು, ಇವನ್ನೆಲ್ಲ ಅಲ್ಲಿ ಕಲಿಯುತ್ತಾರೆ. ಮುಂದೆ ಸಂಘದ ಸಭೆಯಲ್ಲಿ ಎದ್ದು ನಿಂತು ಮಾತಾಡುವ ಕೆಲಸಗಾರನು ಇಂಥ ಆಟದ ಬಯಲಿನಲ್ಲೇ ತಯಾರಾಗುತ್ತಾನೆ.

ಎರಡನೆಯದು, ಮನಸ್ಸಿನ ಭಾರ ಇಳಿಸುವ ಜಾಗ. ಅಪ್ಪ ಕುಡಿದು ಬಂದು ಗಲಾಟೆ ಮಾಡಿದ ರಾತ್ರಿಯ ಮಾತನ್ನು ಮಗಳು ಮೇಷ್ಟ್ರಿಗೆ ಹೇಳುವುದಿಲ್ಲ, ಪಾದ್ರಿಗಳಿಗೂ ಹೇಳುವುದಿಲ್ಲ. ಪಕ್ಕದ ಲೈನಿನ ಗೆಳತಿಗೆ ಹೇಳುತ್ತಾಳೆ. ಹ್ಯಾರಿ ಸ್ಟಾಕ್ ಸಲಿವನ್ ಎಂಬ ಅಮೆರಿಕದ ಮನೋವೈದ್ಯರ ವಿಚಾರಗಳು ಅವರು ತೀರಿಕೊಂಡ ಮೇಲೆ 1953ರಲ್ಲಿ ಪುಸ್ತಕವಾಗಿ ಬಂದವು. ಹದಿಹರೆಯದ ಹೊಸ್ತಿಲಲ್ಲಿ ಸಿಗುವ ಒಬ್ಬನೇ ಒಬ್ಬ ಆಪ್ತ ಗೆಳೆಯನ ಮಹತ್ವವನ್ನು ಅವರು ಅದರಲ್ಲಿ ವಿವರಿಸಿದ್ದಾರೆ. ಇನ್ನೊಬ್ಬನ ಸುಖವೂ ತನ್ನ ಸುಖದಷ್ಟೇ ಮುಖ್ಯವೆಂದು ಮಗುವಿಗೆ ಮೊದಲು ಅನಿಸುವುದು ಆ ಗೆಳೆತನದಲ್ಲಿ. ಮನೆಯಲ್ಲಿ ಪ್ರೀತಿ ಕಡಿಮೆಯಾದ ಮಗುವಿನ ಗಾಯವನ್ನೂ ಅಂಥ ಗೆಳೆತನ ಎಷ್ಟೋ ಮಟ್ಟಿಗೆ ಮಾಯಿಸಬಲ್ಲದು ಎಂಬುದು ಅವರ ಅಭಿಪ್ರಾಯ.

ಮೂರನೆಯದು, ಕಷ್ಟಕಾಲದಲ್ಲಿ ಆಸರೆ. ಇದನ್ನು ತಿಳಿಯಲು ನಾವು ದೂರ ಹೋಗಬೇಕಾಗಿಲ್ಲ. 2024ರ ಜುಲೈ 30ರ ಬೆಳಗಿನ ಜಾವ ವಯನಾಡಿನ ಮುಂಡಕ್ಕೈ, ಚೂರಲ್‌ಮಲ ಕಡೆ ಗುಡ್ಡ ಕುಸಿದು ನಮ್ಮಂಥ ಎಷ್ಟೋ ತೋಟದ ಕುಟುಂಬಗಳು ಮಣ್ಣುಪಾಲಾದವು. ಅಲ್ಲಿನ ವೆಳ್ಳಾರ್‌ಮಲ ಸರ್ಕಾರಿ ಶಾಲೆ ಎಷ್ಟೋ ಮಕ್ಕಳನ್ನು ಕಳೆದುಕೊಂಡಿತು. ಉಳಿದ ಮಕ್ಕಳಿಗೆ ಆ ಸೆಪ್ಟೆಂಬರಿನಲ್ಲಿ ಮೇಪ್ಪಾಡಿಯ ಸರ್ಕಾರಿ ಶಾಲೆಯಲ್ಲಿ ತರಗತಿಗಳು ಆರಂಭವಾದವು. ಮನೆಯೂ ಹೋಗಿ, ನಂಟರೂ ಹೋಗಿ, ಉಳಿದದ್ದು ತರಗತಿಯ ಜೊತೆಗಾರರು ಎಂಬ ಸ್ಥಿತಿಯಲ್ಲಿ ಆ ಜೊತೆಗಾರರನ್ನು ಒಬ್ಬೊಬ್ಬರನ್ನಾಗಿ ಬೇರೆ ಬೇರೆ ಊರಿಗೆ ಚದುರಿಸಿದ್ದರೆ ಮಕ್ಕಳ ಗತಿ ಏನಾಗುತ್ತಿತ್ತು? "ನನಗೂ ಹಾಗೇ ಆಯಿತು" ಎಂದು ಹೇಳಬಲ್ಲವರು ಆ ಜೊತೆಗಾರರು ಮಾತ್ರ. ದೊಡ್ಡವರು ಎಷ್ಟೇ ಸಮಾಧಾನ ಹೇಳಿದರೂ ಆ ಒಂದು ಮಾತಿಗೆ ಸಮವಾಗದು.

ಹಾಗಾದರೆ ಅಪಾಯವಿಲ್ಲವೇ?

ಖಂಡಿತ ಉಂಟು. ಸಹವಾಸದೋಷದಿಂದ ಸನ್ಯಾಸಿ ಕೆಟ್ಟ ಎಂದು ಹಿರಿಯರು ಹೇಳಿದ್ದು ಸುಳ್ಳಲ್ಲ. ಹೂವಿನ ಜೊತೆ ನಾರೂ ಸ್ವರ್ಗಕ್ಕೆ ಹೋಯಿತು ಎಂದೂ ಅವರೇ ಹೇಳಿದ್ದಾರೆ. ಎರಡೂ ನಿಜವೇ.

ಅಮೆರಿಕದಲ್ಲಿ ಮಾರ್ಗೊ ಗಾರ್ಡ್ನರ್ ಮತ್ತು ಲಾರೆನ್ಸ್ ಸ್ಟೈನ್‌ಬರ್ಗ್ ಎಂಬವರು 2005ರಲ್ಲಿ ಒಂದು ಪ್ರಯೋಗವನ್ನು ಪ್ರಕಟಿಸಿದರು. 13ರಿಂದ 16 ವಯಸ್ಸಿನವರು, 18ರಿಂದ 22ರವರು, 24 ದಾಟಿದವರು, ಹೀಗೆ ಮೂರು ಗುಂಪುಗಳ 306 ಮಂದಿಗೆ ಕಂಪ್ಯೂಟರಿನಲ್ಲಿ ಕಾರು ಓಡಿಸುವ ಆಟ ಕೊಟ್ಟರು. ಹಳದಿ ದೀಪ ಹೊತ್ತಿದ ಮೇಲೆ ನಿಲ್ಲಿಸಬೇಕೋ, ಇನ್ನಷ್ಟು ಓಡಿಸಬೇಕೋ ಎಂಬುದು ಆಡುವವನ ನಿರ್ಧಾರ. ಕೆಲವರು ಒಂಟಿಯಾಗಿ ಆಡಿದರು, ಕೆಲವರು ಓರಗೆಯವರ ಎದುರಿನಲ್ಲಿ ಆಡಿದರು. ದೊಡ್ಡವರು ಎರಡು ಸಂದರ್ಭದಲ್ಲೂ ಹೆಚ್ಚುಕಡಿಮೆ ಒಂದೇ ರೀತಿ ಆಡಿದರು. ಚಿಕ್ಕ ವಯಸ್ಸಿನವರಾದರೋ ಓರಗೆಯವರು ನೋಡುತ್ತಿದ್ದಾಗ ಬಹಳ ಹೆಚ್ಚಿನ ಅಪಾಯಕ್ಕೆ ಕೈಹಾಕಿದರು.

ಇದರ ಅರ್ಥವೇನು? ಘಾಟಿ ತಿರುವಿನಲ್ಲಿ ಒಂಟಿಯಾಗಿ ಬರುವಾಗ ನಿಧಾನವಾಗಿ ಬೈಕು ಓಡಿಸುವ ಹುಡುಗನೇ, ಹಿಂದೆ ಇಬ್ಬರು ಗೆಳೆಯರು ಕುಳಿತರೆ ಹಾರಿಸಿಕೊಂಡು ಬರುತ್ತಾನೆ. ಅವನು ಕೆಟ್ಟವನಾದದ್ದಲ್ಲ. ಮುಂದಾಲೋಚನೆ ಮಾಡಿ ತಡೆಯುವ ಮೆದುಳಿನ ಭಾಗ ಇಪ್ಪತ್ತು ದಾಟಿದ ಮೇಲೂ ಬೆಳೆಯುತ್ತಲೇ ಇರುತ್ತದೆ. ಗೆಳೆಯರ ಮೆಚ್ಚುಗೆಯ ರುಚಿಯಾದರೋ ಅದಕ್ಕಿಂತ ಮೊದಲೇ ಹತ್ತಿಬಿಡುತ್ತದೆ. ಆದುದರಿಂದ "ನಿನಗೆ ಬುದ್ಧಿಯಿಲ್ಲವೇ?" ಎಂದು ಬೈಯುವುದರಿಂದ ಪ್ರಯೋಜನ ಕಡಿಮೆ. ಬೈಕಿನ ಬೀಗದ ಕೈ ಲೈಸೆನ್ಸು ಬರುವ ತನಕ ನಮ್ಮ ಹತ್ತಿರ ಇರಲಿ.

ಶಾಲೆ ಬಿಟ್ಟ ಹುಡುಗನ ಅಪಾಯ ಬೇರೆ ಬಗೆಯದು. ಅದನ್ನು ನಾವು ಗಮನಿಸುವುದೇ ಇಲ್ಲ. ಹದಿನೈದಕ್ಕೆ ಪುಸ್ತಕ ಬಿಸಾಡಿ ಅವನು ಕೂಲಿಗೆ ಇಳಿದನೆಂದರೆ ಅವನ ಓರಗೆಯವರು ಶಾಲೆಯಲ್ಲಿ ಉಳಿದರು. ಇವನು ನಲವತ್ತು ವರ್ಷದ ಗಂಡಸರ ನಡುವೆ ಬಿದ್ದ. ಬಟವಾಡೆಯ ಸಂಜೆ ಅವರು ಕುಳಿತಲ್ಲಿ ಕುಳಿತು, ಅವರು ಹಿಡಿದ ಗ್ಲಾಸನ್ನೇ ಹಿಡಿಯುತ್ತಾನೆ. ತಿರುಪ್ಪೂರಿಗೋ ಕೊಯಮತ್ತೂರಿಗೋ ಒಂಟಿಯಾಗಿ ಹೋದವನ ಕಥೆಯೂ ಇದೇ. ಹದಿನಾಲ್ಕರ ಒಳಗಿನವರನ್ನು ಕೆಲಸಕ್ಕೆ ಇಟ್ಟುಕೊಳ್ಳಬಾರದು, ಹದಿನೆಂಟರ ಒಳಗಿನವರನ್ನು ಅಪಾಯದ ಕೆಲಸಕ್ಕೆ ಹಚ್ಚಬಾರದು ಎಂದು 2016ರ ತಿದ್ದುಪಡಿಯಾದ ಮೇಲೆ ಕಾನೂನೇ ಹೇಳುತ್ತದೆ. ಕಾನೂನು ಕಾಯುವುದು ಅವನ ಮೈಯನ್ನು. ಓರಗೆಯವರನ್ನು ಕಳೆದುಕೊಂಡ ಅವನ ಮನಸ್ಸನ್ನು ಕಾಯುವವರು ನಾವೇ ಆಗಬೇಕು.

ಗುಂಪಿಗೆ ಗುಂಪು ಎದುರಾದಾಗ

ಮೇಲಿನ ಲೈನಿನ ಹುಡುಗರು, ಕೆಳಗಿನ ಲೈನಿನ ಹುಡುಗರು ಎಂಬ ಭೇದ ನಮ್ಮಲ್ಲಿ ಹೊಸದಲ್ಲ. ಈಚೆಗೆ ಜಾರ್ಖಂಡ್ ಮುಂತಾದ ಕಡೆಗಳಿಂದ ಕೆಲಸಕ್ಕೆ ಬಂದವರ ಮಕ್ಕಳೂ ನಮ್ಮ ಲೈನುಗಳಲ್ಲಿ ಇದ್ದಾರೆ. ಅವರನ್ನು ಆಟಕ್ಕೆ ಸೇರಿಸದೆ, ಹೆಸರಿಟ್ಟು ಕರೆಯುವುದನ್ನು ನಾವು ಕಿವಿಯಾರೆ ಕೇಳುತ್ತೇವೆ.

1954ರಲ್ಲಿ ಅಮೆರಿಕದ ಒಕ್ಲಹಾಮ ರಾಜ್ಯದ ಒಂದು ಕಾಡಿನಲ್ಲಿ ಮುಜಫರ್ ಷೆರಿಫ್ ಎಂಬ ವಿದ್ವಾಂಸರು 22 ಹುಡುಗರ ಬೇಸಿಗೆ ಶಿಬಿರ ನಡೆಸಿದರು. ಎಲ್ಲರೂ ಸುಮಾರು ಹನ್ನೊಂದು ವರ್ಷದವರು. ಹನ್ನೊಂದು ಹನ್ನೊಂದು ಹುಡುಗರ ಎರಡು ಗುಂಪು ಮಾಡಿ ಬೇರೆ ಬೇರೆ ಇಟ್ಟರು. ಆಮೇಲೆ ಬಹುಮಾನದ ಪಂದ್ಯಗಳನ್ನು ಇಟ್ಟಾಗ ಬೈಗುಳ ಶುರುವಾಯಿತು, ಒಬ್ಬರ ಬಾವುಟವನ್ನು ಇನ್ನೊಬ್ಬರು ಸುಟ್ಟರು, ರಾತ್ರಿ ಒಬ್ಬರ ಕೊಠಡಿಗೆ ಇನ್ನೊಬ್ಬರು ನುಗ್ಗಿದರು. ಒಟ್ಟಿಗೆ ಊಟಕ್ಕೆ ಕೂರಿಸಿದರು, ಒಟ್ಟಿಗೆ ಸಿನೆಮಾ ತೋರಿಸಿದರು. ಜಗಳ ನಿಲ್ಲಲಿಲ್ಲ, ಊಟವನ್ನೇ ಎತ್ತಿ ಎಸೆದಾಡಿದರು. ಕೊನೆಗೆ ಜಗಳ ನಿಲ್ಲಿಸಿದ್ದು ಕೆಲಸ. ಶಿಬಿರಕ್ಕೆ ನೀರು ಬಾರದಂತೆ ಮಾಡಿ, ಎಲ್ಲರೂ ಸೇರಿ ದೋಷ ಹುಡುಕುವಂತೆ ಮಾಡಿದರು. ಲಾರಿ ಕೆಟ್ಟು ನಿಂತಾಗ ಎರಡೂ ಗುಂಪಿನವರು, ಹಿಂದೆ ಪಂದ್ಯದಲ್ಲಿ ಎದುರುಬದುರು ಎಳೆದಾಡಿದ್ದ ಅದೇ ಹಗ್ಗವನ್ನು ಲಾರಿಗೆ ಕಟ್ಟಿ ಒಂದೇ ಕಡೆಗೆ ಎಳೆದರು. ಮನೆಗೆ ಹೋಗುವಾಗ ಎಲ್ಲರೂ ಒಂದೇ ಬಸ್ಸಿನಲ್ಲಿ ಹೋದರು.

ನಮಗೆ ಇದರಲ್ಲಿ ದೊಡ್ಡ ಪಾಠವುಂಟು. "ಜಗಳವಾಡಬೇಡಿ" ಎಂಬ ಉಪದೇಶಕ್ಕಿಂತ, ಮೇಲಿನ ಲೈನು ಕೆಳಗಿನ ಲೈನು ಎರಡಕ್ಕೂ ನೀರು ಬರುವ ಪೈಪಿನ ಸುತ್ತ ಕಳೆ ತೆಗೆಯುವ ಒಂದು ದಿನದ ಕೆಲಸ ಹೆಚ್ಚು ಫಲ ಕೊಡುತ್ತದೆ.

ಹೆಣ್ಣುಮಕ್ಕಳ ಮಾತು

ಇನ್ನು ತಾಯಂದಿರು ಸ್ವಲ್ಪ ಕಿವಿಗೊಡಬೇಕು. ಹುಡುಗ ಹನ್ನೆರಡು ದಾಟಿದರೆ ಅವನ ಲೋಕ ದೊಡ್ಡದಾಗುತ್ತದೆ. ಹುಡುಗಿ ದೊಡ್ಡವಳಾದಳೆಂದರೆ ಅವಳ ಲೋಕ ಚಿಕ್ಕದಾಗುತ್ತದೆ. ನಿನ್ನೆಯ ತನಕ ಕುಂಟೆಬಿಲ್ಲೆ ಆಡುತ್ತಿದ್ದವಳನ್ನು ಇಂದು ಒಳಗೆ ಕೂರಿಸುತ್ತೇವೆ. ನೀವು ಸೊಪ್ಪು ಕೀಳಲು ಹೋದಾಗ ಅನ್ನ ಮಾಡುವುದು, ತಮ್ಮನನ್ನು ನೋಡಿಕೊಳ್ಳುವುದು, ನೀರು ಹೊರುವುದು ಅವಳ ಪಾಲು. ಶಾಲೆ ಬಿಟ್ಟು ನೇರ ಮನೆ, ಮನೆ ಬಿಟ್ಟು ನೇರ ಶಾಲೆ.

ನಿಮ್ಮ ಭಯ ನಮಗೆ ಅರ್ಥವಾಗುತ್ತದೆ. ತೋಟದ ದಾರಿ ನಿರ್ಜನ, ಕಾಲವೂ ಒಳ್ಳೆಯದಲ್ಲ. ಆದರೆ ಗೆಳತಿಯರನ್ನೆಲ್ಲ ಕಳೆದುಕೊಂಡ ಹುಡುಗಿ ಸುರಕ್ಷಿತಳೇ? ತನ್ನ ಮೈಯಲ್ಲಿ ಆಗುವ ಬದಲಾವಣೆಯನ್ನು ಕೇಳಲು ಅವಳಿಗೆ ಯಾರಿದ್ದಾರೆ? ಯಾರಾದರೂ ಕೆಟ್ಟ ದೃಷ್ಟಿಯಿಂದ ಹಿಂಬಾಲಿಸಿದರೆ ಮೊದಲು ಯಾರಿಗೆ ಹೇಳುತ್ತಾಳೆ? ಸಿಹಿಮಾತು ಆಡುವ ಮೊದಲ ಅಪರಿಚಿತನಿಗೆ ಬೇಗ ಮರುಳಾಗುವವಳು ಒಂಟಿ ಹುಡುಗಿಯೇ. ಐದು ಹುಡುಗಿಯರು ಒಟ್ಟಾಗಿ ನಡೆಯುವ ದಾರಿ, ಒಬ್ಬಳು ಒಂಟಿಯಾಗಿ ನಡೆಯುವ ದಾರಿಗಿಂತ ಕ್ಷೇಮ. ವಾರಕ್ಕೆ ಎರಡು ಗಂಟೆಯಾದರೂ ಅವಳನ್ನು ಅವಳ ಓರಗೆಯವರ ಜೊತೆ ಬಿಡಿ. ಅಷ್ಟು ಹೊತ್ತು ಅನ್ನದ ಮಡಕೆಯನ್ನು ಅವಳ ಅಣ್ಣ ನೋಡಿಕೊಳ್ಳಲಿ.

ಮನೆಮಾತು ಮತ್ತು ಮೊಬೈಲು

ನಾವು ಮನೆಯಲ್ಲಿ ಕನ್ನಡ ಆಡುವವರು. ಮಕ್ಕಳು ಓದುವುದು ತಮಿಳಿನಲ್ಲೋ ಮಲಯಾಳದಲ್ಲೋ. ಶಾಲೆಯ ಜೊತೆಗಾರರ ಮುಂದೆ ತಾಯಿ ಕನ್ನಡದಲ್ಲಿ ಕೂಗಿದರೆ ಮಗ ತಲೆ ತಗ್ಗಿಸುತ್ತಾನೆ. ಇದಕ್ಕೆ ಅವನನ್ನು ಬೈಯಬೇಡಿ. ಗುಂಪಿನಿಂದ ಬೇರೆಯಾಗಿ ಕಾಣುವುದು ಆ ಪ್ರಾಯದಲ್ಲಿ ದೊಡ್ಡ ಸಂಕಟ. ಅವನು ಶಾಲೆಯ ಮಾತನ್ನು ಚೆನ್ನಾಗಿ ಕಲಿತು ಆ ಗೆಳೆಯರೊಡನೆ ಬೆರೆಯಲಿ. ಜೊತೆಗೆ, ಕನ್ನಡ ಆಡುವ ಓರಗೆಯವರೂ ನಾಲ್ಕು ಮಂದಿ ಅವನಿಗೆ ಇರಲಿ. ಓರಗೆಯವರು ಆಡುವ ಮಾತು ನಾಚಿಕೆಯ ಮಾತಾಗುವುದಿಲ್ಲ.

ಮೊಬೈಲಿನ ಬಗ್ಗೆ ಒಂದು ಮಾತು. ಈಗ ಕೂಟ ಅಂಗಡಿ ಕಟ್ಟೆಯಲ್ಲಿ ಮಾತ್ರವಿಲ್ಲ, ಕೈಯಲ್ಲಿರುವ ಫೋನಿನಲ್ಲೂ ಇದೆ. ವಾಟ್ಸಾಪ್ ಗುಂಪಿನಿಂದ ಒಬ್ಬ ಹುಡುಗಿಯನ್ನು ತೆಗೆದುಹಾಕಿದರೆ ಅವಳಿಗೆ ಊರಿನಿಂದ ಹೊರಹಾಕಿದಷ್ಟು ನೋವು. ಗೇಲಿ ಮಾಡಿದ ಒಂದು ಫೋಟೋ ರಾತ್ರಿಯೊಳಗೆ ಎಲ್ಲ ಲೈನುಗಳನ್ನೂ ಸುತ್ತಿ ಬರುತ್ತದೆ. ಎದುರಿಗೆ ಆಡಿದ ಜಗಳ ಮಾರನೆಯ ದಿನ ಆಟದಲ್ಲಿ ಕರಗುತ್ತದೆ. ಫೋನಿನಲ್ಲಿ ಬರೆದದ್ದು ಅಳಿಯುವುದಿಲ್ಲ. ಆದ್ದರಿಂದ ಫೋನಿನ ಗೆಳೆತನ ಬಯಲಿನ ಗೆಳೆತನಕ್ಕೆ ಬದಲಾಗದು. ಮಗು ಊಟ ಬಿಟ್ಟಿದ್ದರೆ, ನಿದ್ದೆ ಬಿಟ್ಟಿದ್ದರೆ, ಯಾರೊಡನೆಯೂ ಸೇರದೆ ಮೂಲೆ ಹಿಡಿದಿದ್ದರೆ "ಪ್ರಾಯದ ಚೇಷ್ಟೆ" ಎಂದು ಬಿಡಬೇಡಿ. ಮನಸ್ಸಿನ ತೊಂದರೆಗೆ ಸರ್ಕಾರದ ಟೆಲಿ ಮಾನಸ್ 14416, ಮಕ್ಕಳ ರಕ್ಷಣೆಗೆ 1098. ಎರಡಕ್ಕೂ ಕಾಸು ಕೊಡಬೇಕಾಗಿಲ್ಲ.

ಕೆಲಸ ಮಾಡುವ ಮಕ್ಕಳ ಕೂಟ ಕಟ್ಟಿದವರು

ಬೆಲ್ಜಿಯಂ ದೇಶದ ಜೋಸೆಫ್ ಕಾರ್ಡೈನ್ ಅವರನ್ನು ಇಲ್ಲಿ ನೆನೆಯಬೇಕು. 1882ರಲ್ಲಿ ಬ್ರಸೆಲ್ಸ್ ಬಳಿ ದುಡಿಯುವವರ ಮನೆಯಲ್ಲಿ ಹುಟ್ಟಿದರು. ಅವರು ಗುರುಮಠಕ್ಕೆ ಓದಲು ಹೋದರು. ಅವರ ಶಾಲೆಯ ಗೆಳೆಯರು ಕಾರ್ಖಾನೆಗೆ ಹೋದರು. ರಜೆಗೆ ಬಂದಾಗ ಹಳೆಯ ಗೆಳೆಯರು ಅವರನ್ನು ಹೊರಗಿನವನೆಂದು ದೂರವಿಟ್ಟರು. ಆ ಗಾಯ ಅವರನ್ನು ಕೊನೆಯ ತನಕ ಬಿಡಲಿಲ್ಲ. 1912ರಲ್ಲಿ ಲಾಕೆನ್ ಎಂಬಲ್ಲಿನ ಸಭೆಗೆ ಬಂದಾಗ ಹೊಲಿಗೆ ಕೆಲಸ ಮಾಡುವ ಹುಡುಗಿಯರ ಚಿಕ್ಕ ಚಿಕ್ಕ ಕೂಟಗಳಿಂದ ಆರಂಭಿಸಿದರು. 1925ರ ಹೊತ್ತಿಗೆ ಅದು ಯುವ ಕ್ರೈಸ್ತ ಕಾರ್ಮಿಕರ ಸಂಘವಾಗಿ ನಿಂತು, ಮುಂದೆ ಲೋಕದ ಎಷ್ಟೋ ದೇಶಗಳಿಗೆ ಹರಡಿತು.

ಅವರ ದಾರಿ ಸರಳ. ದುಡಿಯುವ ಹುಡುಗನ ಕಷ್ಟ ದುಡಿಯುವ ಹುಡುಗನಿಗೇ ಚೆನ್ನಾಗಿ ಗೊತ್ತು. ಆದುದರಿಂದ ಕೂಟವನ್ನು ಅವರೇ ನಡೆಸಲಿ. ಮೊದಲು ನೋಡು, ಆಮೇಲೆ ವಿಚಾರ ಮಾಡು, ಆಮೇಲೆ ಕೆಲಸಕ್ಕೆ ಇಳಿ. ಪಾದ್ರಿಯೋ ಹಿರಿಯನೋ ಪಕ್ಕದಲ್ಲಿರುತ್ತಾನೆ, ಮುಂದಿನ ಕುರ್ಚಿಯಲ್ಲಿ ಕೂರುವುದಿಲ್ಲ. ನಮ್ಮ ಸರ್ಕಾರವೂ 2014ರಲ್ಲಿ ರಾಷ್ಟ್ರೀಯ ಕಿಶೋರ ಸ್ವಾಸ್ಥ್ಯ ಕಾರ್ಯಕ್ರಮವನ್ನು ಆರಂಭಿಸಿದಾಗ, ಹದಿಹರೆಯದವರಿಗೆ ಆರೋಗ್ಯದ ತಿಳಿವಳಿಕೆ ಕೊಡಲು ಅದೇ ವಯಸ್ಸಿನ ಹುಡುಗ ಹುಡುಗಿಯರನ್ನೇ ತರಬೇತು ಮಾಡುವ ಕ್ರಮ ಹಿಡಿಯಿತು.

ಪವಿತ್ರ ಗ್ರಂಥದಲ್ಲಿ ಲೂಕನು ಬರೆದ ಪ್ರಸಂಗವೂ ನಿಮಗೆ ಗೊತ್ತು. ಹಬ್ಬ ಮುಗಿಸಿ ಹಿಂತಿರುಗುವಾಗ ಹನ್ನೆರಡು ವರ್ಷದ ಯೇಸು ಜೊತೆಯವರ ಗುಂಪಿನಲ್ಲಿ ಇದ್ದಾನೆಂದು ನಂಬಿ ಮರಿಯಳೂ ಜೋಸೆಫನೂ ಒಂದು ದಿನದ ದಾರಿ ನಡೆದರು. ಮಗನನ್ನು ನಂಬಿ ಬಿಡಬಹುದಾದಂಥ ಗುಂಪು ಅವರಿಗೆ ಇತ್ತು. ಅವನು ಕಾಣದಾದಾಗ ಹುಡುಕಲು ಹಿಂದಿರುಗಿಯೂ ಹೋದರು. ನಂಬುವುದು, ಹುಡುಕುವುದು, ಎರಡೂ ತಂದೆತಾಯಿಯ ಕೆಲಸ.

ನಾವು ಮಾಡಬೇಕಾದದ್ದು

ನಮ್ಮ ಕೈಯಲ್ಲಿ ಆಗುವ ನಾಲ್ಕು ಕೆಲಸಗಳನ್ನು ಹೇಳಿ ಮುಗಿಸುತ್ತೇವೆ.

ಒಂದು, ಜಾಗ. ಕಟ್ಟೆಯಲ್ಲಿ ಕೂರುವ ಹುಡುಗನನ್ನು ಬೈಯುವ ಮೊದಲು ಕೂರಲು ಬೇರೆ ಜಾಗ ಎಲ್ಲಿದೆ ಎಂದು ಕೇಳೋಣ. ಭಾನುವಾರ ಮಧ್ಯಾಹ್ನ ಸಭೆಯ ಹಾಲು ಮಕ್ಕಳಿಗೆ ಬಿಟ್ಟುಕೊಡೋಣ. ಮೂರರಿಂದ ನಾಲ್ಕೂವರೆ ಹುಡುಗಿಯರಿಗೆ, ಆಮೇಲೆ ಹುಡುಗರಿಗೆ. ಆಟದ ಬಯಲನ್ನು ಮುಚ್ಚುವ ಮಾತು ಎಲ್ಲಿಯಾದರೂ ಬಂದರೆ ಸಂಘ ಅದನ್ನು ಬೋನಸ್ಸಿನಷ್ಟೇ ಗಟ್ಟಿಯಾಗಿ ಕೇಳಬೇಕು.

ಎರಡು, ಕೆಲಸ. ಚಿಕ್ಕ ತರಗತಿಯವರಿಗೆ ಪಾಠ ಹೇಳಿಕೊಡುವುದು, ನೀರಿನ ಪೈಪು ನೋಡಿಕೊಳ್ಳುವುದು, ಹಬ್ಬದ ನಾಟಕ ಕಟ್ಟುವುದು. ಕೆಲಸವಿಲ್ಲದ ಕೂಟ ಕೆಡುತ್ತದೆ. ಲೆಕ್ಕದ ಪುಸ್ತಕ ಅವರ ಕೈಯಲ್ಲೇ ಇರಲಿ.

ಮೂರು, ಬಾಗಿಲು. ಹೊಸದಾಗಿ ಬಂದವರ ಮಗುವನ್ನೂ ಶಾಲೆ ಬಿಟ್ಟ ಹುಡುಗನನ್ನೂ ಹೊರಗಿಡುವ ಕೂಟ ನಮಗೆ ಬೇಡ. ಹೆಚ್ಚು ಅಗತ್ಯವಿರುವುದು ಅವರಿಗೇ.

ನಾಲ್ಕು, ಪರಿಚಯ. ನಿಮ್ಮ ಮಗುವಿನ ಜೊತೆಗಾರರು ನಿಮ್ಮ ಮನೆಗೆ ಬರಲಿ. ಬಂದವರಿಗೆ ಒಂದು ಲೋಟ ಕಟ್ಟಂಚಾಯ ಕೊಡಿ, ಎರಡು ಮಾತು ಕೇಳಿ, ಆಮೇಲೆ ಅಲ್ಲಿಂದ ಎದ್ದು ಹೋಗಿ. ಯಾವ ಮನೆಗೆ ಹೋಗಲು ಮಕ್ಕಳು ಹೆದರುವುದಿಲ್ಲವೋ ಆ ಮನೆಯ ಮಗು ಸುಲಭವಾಗಿ ದಾರಿ ತಪ್ಪುವುದಿಲ್ಲ.

ಸಹೋದರ ಸಹೋದರಿಯರೇ, ಇಂದು ರಾತ್ರಿ ಊಟಕ್ಕೆ ಕುಳಿತಾಗ ಒಂದು ಕೆಲಸ ಮಾಡಿ. ನಿಮ್ಮ ಮಗನ ಅಥವಾ ಮಗಳ ಮೂವರು ಜೊತೆಗಾರರ ಹೆಸರನ್ನು ನೀವಾಗಿಯೇ ಹೇಳಲು ನೋಡಿ. ಹೆಸರು ಬಾರದಿದ್ದರೆ ಮಗುವನ್ನೇ ಕೇಳಿ. ಬೈಯುವುದಕ್ಕಾಗಿ ಕೇಳಬೇಡಿ, ತಿಳಿಯುವುದಕ್ಕಾಗಿ ಕೇಳಿ. ಮಗು ಹೇಳಲು ಶುರು ಮಾಡಿದರೆ ನಡುವೆ ಬಾಯಿ ಹಾಕಬೇಡಿ.